ಸರ್ವರ್ ಬಿಟ್ಟು ಮನೆಗೆ ಬಂದ ಡಿಸ್ಕು

ಬೆಂಗಳೂರಿನ ಎಸ್.ಪಿ. ರಸ್ತೆಗೆ ಏನೇ ಕೊಳ್ಳಲು ಹೋಗಲಿ, ನನ್ನ ಕಣ್ಣು ಹುಡುಕುವುದು ಸರ್ವರ್‌ನಿಂದ ಬಿಚ್ಚಿದ ಹಾರ್ಡ್ ಡಿಸ್ಕುಗಳನ್ನೇ. ಹಗಲೂ ರಾತ್ರಿ ಓಡಲೆಂದು ಮಾಡಿದ ಮಾಲು. ವಾರಂಟಿ ಮುಗಿಯಿತೆಂದು ಕಂಪನಿಗಳು ಸರ್ವರನ್ನೇ ಬದಲಿಸಿದಾಗ ಗಟ್ಟಿಮುಟ್ಟಾದ ಡಿಸ್ಕುಗಳೂ ಹೊರಬೀಳುತ್ತವೆ. ಅಂಥವು ಗುಜರಿ ಸೇರುವುದನ್ನು ನೋಡಲು ನನಗಾಗುವುದಿಲ್ಲ.

ಈ ಡಿಸ್ಕುಗಳು ಅಗ್ಗಕ್ಕೆ ಸಿಗಲು ಇನ್ನೊಂದು ಕಾರಣವೂ ಇದೆ. ಇವುಗಳಲ್ಲಿ ಬಹಳಷ್ಟು ಸ್ಯಾಸ್ ಡಿಸ್ಕುಗಳು, ಮನೆಯ ಪಿ.ಸಿ.ಯಲ್ಲಿರುವುದು ಸಾಟಾ. ಎರಡರ ಕನೆಕ್ಟರೂ ಹೆಚ್ಚುಕಡಿಮೆ ಒಂದೇ. ಸಾಟಾದಲ್ಲಿ ಡೇಟಾ, ಪವರ್ ನಡುವೆ ಇರುವ ಸಂದು ಸ್ಯಾಸ್‌ನಲ್ಲಿ ಮುಚ್ಚಿರುತ್ತದೆ, ಅಷ್ಟೆ. ಹಾಗಾಗಿ ಕೇಬಲ್ ಕೂರುವುದಿಲ್ಲ. ಜನ ಪುಟ್ಟದೊಂದು ಅಡಾಪ್ಟರ್ ತಂದು ಸಿಕ್ಕಿಸುತ್ತಾರೆ. ಡಿಸ್ಕು ಗಿರ್ರನೆ ತಿರುಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣಿಸುವುದಿಲ್ಲ! ಅಡಾಪ್ಟರ್ ಬರೀ ತಂತಿ ಕೂಡಿಸುತ್ತದೆ. ಸ್ಯಾಸ್ ಡಿಸ್ಕಿಗೆ ಬೇಕಾದ ಸ್ಕಸಿ ಅಪ್ಪಣೆಗಳನ್ನು ಕೊಡಲು ಸಾಟಾ ಪೋರ್ಟಿಗೆ ಬಾರದು. ಆ ಸಂದು ಮುಚ್ಚಿದವರು ಅದನ್ನೇ ಎಚ್ಚರಿಸಿದ್ದರು. ಉಲ್ಟಾ ಆದರೆ ತೊಂದರೆಯಿಲ್ಲ, ಸ್ಯಾಸ್ ಕಾರ್ಡು ಸಾಟಾ ಡಿಸ್ಕನ್ನೂ ನಡೆಸುತ್ತದೆ.

ಸ್ಯಾಸ್‌ಗೂ ಮುಂಚಿನ ಹಳೆಯ ಸ್ಕಸಿಯ ದಿನಗಳಲ್ಲಿ ಅಡಾಪ್ಟರಿಗೆ ನಿಜವಾದ ಬೆಲೆಯಿತ್ತು. ಪಿ.ಸಿ.ಯಲ್ಲಿ ಸ್ಕಸಿ ಕಾರ್ಡಿದ್ದರೆ ಸರ್ವರ್‌ನ 80 ಪಿನ್ ಡಿಸ್ಕಿಗೆ 68 ಪಿನ್ನಿನ ಅಡಾಪ್ಟರ್ ಹಾಕಿ, ಜಂಪರ್‌ನಿಂದ ಐಡಿ ಕೊಟ್ಟು, ಕೇಬಲ್ ತುದಿಗೆ ಟರ್ಮಿನೇಟರ್ ಕೂರಿಸಿದರೆ ಮುಗಿಯಿತು. 2000ದಲ್ಲಿ ಸೀಗೇಟ್‌ನ ಚೀತಾ ಎಕ್ಸ್15 ನಿಮಿಷಕ್ಕೆ 15,000 ಸುತ್ತು ತಿರುಗಿದಾಗ ಅಷ್ಟು ವೇಗದ ಡಿಸ್ಕು ಬೇರೊಂದಿರಲಿಲ್ಲ. ಆ ಸದ್ದು, ಆ ಕಾವು! ಮಲಗುವ ಕೋಣೆಯಲ್ಲಿ ಇಡುವಂಥದ್ದಲ್ಲ.

ಈಗ ದುಡ್ಡು ಹಾಕಬೇಕಾದ್ದು ಅಡಾಪ್ಟರಿಗಲ್ಲ, ಸ್ಯಾಸ್ ಕಾರ್ಡಿಗೆ. ಎಲ್‌ಎಸ್‌ಐ 9211-8ಐನಂಥ ಹಳೇ ಎಚ್‌ಬಿಎ ಕಾರ್ಡು ಒಂದಿದ್ದರೆ ನೇರವಾಗಿ ಎಂಟು ಡಿಸ್ಕು ಹಚ್ಚಬಹುದು. ಅದರ ಚಿಪ್ಪು ಸರ್ವರ್‌ನ ಗಾಳಿಗೆ ಒಗ್ಗಿದ್ದು. ಮನೆಯಲ್ಲಿ ಒಂದು ಪುಟ್ಟ ಫ್ಯಾನ್ ಬೇಕೇ ಬೇಕು. ಡಿಸ್ಕು ಕೊಳ್ಳುವ ಮುನ್ನ ಅದರ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ ಓಡಿಸಿ, ಎಷ್ಟು ಗಂಟೆ ದುಡಿದಿದೆ, ಬಳಕೆಯಲ್ಲಿ ಹುಟ್ಟಿಕೊಂಡ ದೋಷಗಳೆಷ್ಟು ಎಂದು ನೋಡಿ. ದೋಷದ ಪಟ್ಟಿ ಉದ್ದವಾಗಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ದೊಡ್ಡ ಸ್ಟೋರೇಜ್ ಪೆಟ್ಟಿಗೆಯಿಂದ ಬಂದ ಕೆಲವು ಡಿಸ್ಕುಗಳ ಸೆಕ್ಟರು 512ರ ಬದಲು 520 ಬೈಟಿನದು. ಪಿ.ಸಿ. ಅವನ್ನು ಬಳಸಲೊಲ್ಲದು. ಕೆಟ್ಟಿದೆಯೆಂದು ಎಸೆಯಬೇಡಿ. ಲಿನಕ್ಸ್‌ನಲ್ಲಿ ಎಸ್‌ಜಿ_ಫಾರ್ಮ್ಯಾಟ್ ಹಾಕಿ 512ಕ್ಕೆ ತಂದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ದೊಡ್ಡ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಯು.ಪಿ.ಎಸ್. ಹಾಕಿಕೊಂಡೇ ಶುರುಮಾಡಿ.