ಸಮಾಧಾನ ಕೈಯಿಂದ ಕೈಗೆ

ಭಾನುವಾರದ ಆರಾಧನೆಯಲ್ಲಿ ನಾನು ಕಾದು ಕೂರುವ ಘಳಿಗೆಯೊಂದಿದೆ. ಪ್ರಸಂಗ ಮುಗಿದು, ಊರಿಗೂ ನಾಡಿಗೂ ರೋಗಿಗಳಿಗೂ ಮಾಡುವ ಪ್ರಾರ್ಥನೆಗಳು ಮುಗಿದು, ಇನ್ನೇನು ಕಾಣಿಕೆ ಎತ್ತಬೇಕು ಎನ್ನುವಾಗ ನಮ್ಮ ಪಾದ್ರಿ ಅಯ್ಯನವರು ಮೇಜಿನ ಬಳಿಯಿಂದ ಕೆಳಗಿಳಿದು ಬರುತ್ತಾರೆ. ಮುಂದಿನ ಬೆಂಚಿನ ತುದಿಯಲ್ಲಿ ನಿಂತವರ ಬಲ ಅಂಗೈಗೆ ತಮ್ಮ ಬಲ ಅಂಗೈ ಸೇರಿಸಿ, ಅದರ ಮೇಲೆ ಎಡಗೈ ಮುಚ್ಚುತ್ತಾರೆ. ಎದುರಿನವರೂ ಹಾಗೇ ತಮ್ಮ ಎಡಗೈ ಮುಚ್ಚುತ್ತಾರೆ. ಅವರು ಪಕ್ಕದವರಿಗೆ, ಪಕ್ಕದವರು ಹಿಂದಿನ ಸಾಲಿಗೆ. ಸಮಾಧಾನ ಹೀಗೆ ಬೆಂಚಿನಿಂದ ಬೆಂಚಿಗೆ ದಾಟಿ, ಬಾಗಿಲ ಬಳಿ ಚಪ್ಪಲಿಗಳ ಪಕ್ಕ ತಡವಾಗಿ ಬಂದು ನಿಂತವರವರೆಗೂ ಹೋಗುತ್ತದೆ.

ಆ ಎರಡು ಮೂರು ನಿಮಿಷದಲ್ಲಿ ದಾವಣಗೆರೆಯ ಕೈಗಳೆಲ್ಲ ನನ್ನ ಕೈಗೆ ಸಿಗುತ್ತವೆ. ಗ್ಯಾರೇಜಿನ ಹುಡುಗ ಎಷ್ಟೇ ಸೋಪು ಹಚ್ಚಿ ತಿಕ್ಕಿದರೂ ಅವನ ಬೆರಳ ಗೆರೆಗಳಲ್ಲಿ ಕಪ್ಪು ಎಣ್ಣೆ ಉಳಿದಿರುತ್ತದೆ. ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಬಂದ ನರ್ಸಮ್ಮನ ಕೈಯಲ್ಲಿ ಸ್ಪಿರಿಟ್ಟಿನ ವಾಸನೆ. ನನ್ನ ಹಿಂದಿನ ಬೆಂಚಿನ ಅಜ್ಜಿ ಮಂಡಕ್ಕಿ ಭಟ್ಟಿಯಲ್ಲಿ ಆಯುಷ್ಯವೆಲ್ಲ ದುಡಿದವರು. ಕಾದ ಮರಳಿನ ಝಳ ಉಂಡು ಉಂಡು ಅವರ ಅಂಗೈ ಒರಟಾಗಿದೆ. ಆ ಅಜ್ಜಿ ಹಿಡಿದ ಕೈ ಬೇಗ ಬಿಡುವುದಿಲ್ಲ. "ಸಮಾಧಾನ ಇರ್ಲಪ್ಪ" ಎಂದು, ಒಂದು ಕ್ಷಣ ಮುಖ ನೋಡಿ, "ಮಗಳಿಗೆ ಜ್ವರ ಬಿಡ್ತೇನು?" ಎಂದು ಅಲ್ಲೇ ಕೇಳುತ್ತಾರೆ. ಆರಾಧನೆಯ ಪುಸ್ತಕದಲ್ಲಿ ಆ ಪ್ರಶ್ನೆ ಅಚ್ಚಾಗಿಲ್ಲ. ನನಗಂತೂ ಅದೂ ಆರಾಧನೆಯೇ.

ಈ ಪದ್ಧತಿ ಇಂಗ್ಲೆಂಡಿನಿಂದ ಬಂದಿರಬೇಕೆಂದು ನಮ್ಮ ಸಭೆಯಲ್ಲೇ ಹಲವರು ನಂಬಿದ್ದಾರೆ. ನಡೆದದ್ದು ತಿರುವುಮುರುವು. 1947ರ ಸೆಪ್ಟೆಂಬರ್ 27ರಂದು, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ ಕಳೆದಿರುವಾಗ, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು, ಅದಕ್ಕೂ ಮೊದಲೇ ತಮ್ಮತಮ್ಮಲ್ಲಿ ಕೂಡಿಕೊಂಡಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಯವರು ಎಲ್ಲರೂ ಸೇರಿ ದಕ್ಷಿಣ ಭಾರತ ಸಭೆಯಾದರು. ನಾವು ದಿನಬಳಕೆಯಲ್ಲಿ ಸಿ.ಎಸ್.ಐ. ಎನ್ನುವುದು ಅದನ್ನೇ. ಕೂಡಿದ್ದಾಯಿತು, ಇನ್ನು ಭಾನುವಾರ ಯಾರ ಕ್ರಮದಲ್ಲಿ ಆರಾಧಿಸಬೇಕು? ಕೇರಳದಲ್ಲಿದ್ದ ಲೆಸ್ಲಿ ಬ್ರೌನ್ ಅವರ ಮುಂದಾಳತ್ವದಲ್ಲಿ ಒಂದು ಸಮಿತಿ ಕೂತು ಕರ್ತನ ಭೋಜನಕ್ಕೆ ಹೊಸ ಕ್ರಮ ಬರೆಯಿತು. 1950ರಲ್ಲಿ ಅದು ಬಳಕೆಗೆ ಬಂತು. ಕೇರಳದ ಸಿರಿಯನ್ ಕ್ರೈಸ್ತರು ಶತಮಾನಗಳಿಂದ ಉಳಿಸಿಕೊಂಡಿದ್ದ ಈ ಕೈ ಹಿಡಿಯುವ ಸಮಾಧಾನವನ್ನು ಸಮಿತಿಯವರು ಇಡೀ ಸಭೆಗೆ ತಂದರು. ಅಯ್ಯನವರು ಜನಕ್ಕೆ ಬೆನ್ನು ಮಾಡದೆ ಮೇಜಿನ ಹಿಂದೆ ನಿಂತು ನಮ್ಮ ಮುಖ ನೋಡುತ್ತ ರೊಟ್ಟಿ ಮುರಿಯುವುದನ್ನೂ ಅದೇ ಕ್ರಮ ಮುಂದಿಟ್ಟಿತು. ಮುಂದಿನ ದಶಕಗಳಲ್ಲಿ ಇಂಗ್ಲೆಂಡು, ಅಮೆರಿಕ, ಆಫ್ರಿಕದ ಆಂಗ್ಲಿಕನ್ ದೇವಾಲಯಗಳು ತಮ್ಮ ಪ್ರಾರ್ಥನಾ ಪುಸ್ತಕ ತಿದ್ದುವಾಗ ಈ ದಕ್ಷಿಣದ ಕ್ರಮವನ್ನು ಎದುರಿಗೆ ಇಟ್ಟುಕೊಂಡವು. ಇಂದು ಲಂಡನ್ನಿನ ಯಾವುದೋ ದೇವಾಲಯದಲ್ಲಿ ಅಪರಿಚಿತರಿಬ್ಬರು ಸಮಾಧಾನ ಎಂದು ಕೈ ಚಾಚುವಾಗ ಅದರಲ್ಲಿ ನಮ್ಮ ಕಡೆಯ ಒಂದು ಋಣವಿದೆ. ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ನಮ್ಮ ಭಾಗದಲ್ಲಿ ಈ ಕೂಡುವಿಕೆಗೆ ಇನ್ನೊಂದು ಬಣ್ಣವಿದೆ. ಹರಿಹರದ ಹತ್ತಿರ ತುಂಗಭದ್ರೆ ಆಗ ಬರಿಯ ಹೊಳೆಯಾಗಿರಲಿಲ್ಲ, ಗಡಿಯಾಗಿತ್ತು. ಈಚೆ ದಂಡೆ ಮೈಸೂರು ಸಂಸ್ಥಾನ, ಆಚೆ ದಂಡೆ ಮುಂಬೈ ಪ್ರಾಂತ. ಮಿಷನ್ನುಗಳೂ ಅದೇ ಗೆರೆ ಹಿಡಿದು ನಿಂತಿದ್ದವು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ನಿಂತಲ್ಲಿಂದ ಮೈಸೂರು ಸೀಮೆಯ ಕನ್ನಡ ಹಳ್ಳಿಗಳು ವೆಸ್ಲಿಯನ್ನರ ಪಾಲಿಗೆ ಬಂದವು. ಅದೇ ವರ್ಷ ಬಾಸೆಲ್ ಮಿಷನ್ನಿನವರು ಧಾರವಾಡಕ್ಕೆ ಬಂದು, ಹುಬ್ಬಳ್ಳಿ, ಬೆಟಗೇರಿಗೆ ಹರಡಿದರು. ಪೂರ್ವಕ್ಕೆ ಬಳ್ಳಾರಿಯಲ್ಲಿ 1810ರಿಂದಲೂ ಲಂಡನ್ ಮಿಷನ್ನು. ಆಚೆ ದಂಡೆಯ ರಾಣೆಬೆನ್ನೂರಿನಿಂದ ಸೊಸೆ ತಂದರೆ ಅವಳ ಬಾಯಲ್ಲಿ ಬೇರೆ ರಾಗ, ಕೈಯಲ್ಲಿ ಬೇರೆ ಗೀತಪುಸ್ತಕ. ಮೆಥೋಡಿಸ್ಟರೂ ಬಳ್ಳಾರಿಯ ಲಂಡನ್ ಮಿಷನ್ನಿನವರೂ 1947ರಲ್ಲೇ ಸೇರಿದರು. ಬಾಸೆಲ್ಲಿನ ಕನ್ನಡ ಸಭೆಗಳು ತುಸು ತಡವಾಗಿ ಬಂದು ಕೂಡಿಕೊಂಡವು. ಹರನನ್ನೂ ಹರಿಯನ್ನೂ ಒಂದೇ ಮೂರ್ತಿಯಲ್ಲಿ ನಿಲ್ಲಿಸಿ, 1224ರಲ್ಲೇ ಹೊಯ್ಸಳರ ದಂಡನಾಯಕ ಪೋಲಾಳ್ವನ ಕೈಯಲ್ಲಿ ಗುಡಿ ಕಟ್ಟಿಸಿಕೊಂಡ ಊರು ಹರಿಹರ. ಅಲ್ಲಿನ ಹೊಳೆದಂಡೆಯ ಮೇಲೆ ನಿಂತು ಇದನ್ನೆಲ್ಲ ಯೋಚಿಸುವುದೇ ಒಂದು ಸುಖ.

ಹೀಗೆ ಬೇರೆ ಬೇರೆ ತವರಿನಿಂದ ಬಂದದ್ದೆಲ್ಲ ನಮ್ಮ ಒಂದು ವರ್ಷದೊಳಗೆ ಬೆರೆತಿದೆ. ಆಗಮನ ಕಾಲ, ಲೆಂಟು, ಪುನರುತ್ಥಾನ ಎಂದು ವರ್ಷಕ್ಕೊಂದು ನಡೆ ಹಾಕಿಕೊಟ್ಟವರು, ಬಿಷಪ್ಪರ ಪೀಠ ಕೊಟ್ಟವರು ಆಂಗ್ಲಿಕನ್ನರು. ಡಿಸೆಂಬರ್ 31ರ ರಾತ್ರಿ ಹನ್ನೆರಡರವರೆಗೆ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂರುವ ಆರಾಧನೆ ವೆಸ್ಲಿಯನ್ನರದು. ಹೊಸ ವರ್ಷದ ಮೊದಲಲ್ಲಿ ನಮ್ಮ ಬದುಕನ್ನು ಮತ್ತೆ ಒಪ್ಪಿಸಿಕೊಡುವ ಒಡಂಬಡಿಕೆಯ ಆರಾಧನೆಯೂ ಅವರದೇ. ಜಾನ್ ವೆಸ್ಲಿ ಅದನ್ನು 1755ರಲ್ಲಿ ಶುರುಮಾಡಿದ್ದ. ಕಮಿಟಿಯಲ್ಲಿ ಸಾಮಾನ್ಯ ಸದಸ್ಯನೂ ಎದ್ದು ನಿಂತು ಲೆಕ್ಕ ಕೇಳುವ ರೂಢಿ ಕಾಂಗ್ರಿಗೇಷನಲ್ಲರಿಂದ ಬಂದಿರಬೇಕು ಎಂಬುದು ನನ್ನ ಊಹೆ.

ನುಡಿಯ ಮಾತು ಬಂದರೆ ನಾವು ದೊಡ್ಡ ಸಾಲಗಾರರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಇಡೀ ಸತ್ಯವೇದವನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ತೇದರು. ನಿಘಂಟಿನ ಕಿಟೆಲ್ಲರು ಆ ನಿಘಂಟಿಗೂ ಬಹಳ ಮೊದಲು, 1862ರಲ್ಲಿ, ಏಸುವಿನ ಕಥೆಯನ್ನು ದೇಸೀ ಮಟ್ಟುಗಳಲ್ಲಿ 'ಕಥಾಮಾಲೆ'ಯಾಗಿ ಹಾಡಿದರು. ಹೂವಿನಹಡಗಲಿ ಸೀಮೆಯ ಮನೆತನದ ಉತ್ತಂಗಿ ಚೆನ್ನಪ್ಪನವರು ಬಾಸೆಲ್ ಸಭೆಯ ಪಾದ್ರಿಗಳಾಗಿದ್ದುಕೊಂಡೇ ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಅಚ್ಚು ಹಾಕಿಸಿದರು; 1949ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅವರಂಥವರು ನಡೆದ ದಾರಿಯಲ್ಲಿ ನಾವು ಈಗಲೂ ಹಾರ್ಮೋನಿಯಮ್ಮು, ತಬಲ ಇಟ್ಟುಕೊಂಡು ಹಾಡುತ್ತೇವೆ. ಇತ್ತೀಚೆಗೆ ಕೀಬೋರ್ಡೂ ಬಂದಿದೆ. ನನ್ನ ಮನಸ್ಸು ಮಾತ್ರ ಹಾರ್ಮೋನಿಯಮ್ಮಿನ ಕಡೆಗೇ. ಜರ್ಮನ್ ಮಟ್ಟಿನ ಹಾಡನ್ನು ನಮ್ಮ ಹಿರಿಯರು ಭಜನೆಯ ಎಳೆತದಲ್ಲಿ ಹಾಡುವಾಗ ಸಾಲಿನ ಕೊನೆಯಲ್ಲಿ ಸಣ್ಣದೊಂದು ಕಂಪನ ಬರುತ್ತದೆ. ಕೀಬೋರ್ಡು ಆ ಕಂಪನಕ್ಕಾಗಿ ಕಾಯುವುದಿಲ್ಲ.

ಕರ್ತನ ಭೋಜನವಿರುವ ಭಾನುವಾರ ಎಲ್ಲರೂ ಮುಂದೆ ಹೋಗಿ ಕಟಕಟೆಯ ಬಳಿ ಮೊಣಕಾಲೂರುತ್ತೇವೆ. ಬ್ಯಾಂಕಿನ ಮ್ಯಾನೇಜರರ ಪಕ್ಕ ಅವರ ಬ್ಯಾಂಕಿನ ಕಸ ಗುಡಿಸುವಾಕೆ. ಮೊದಲಿನ ತಲೆಮಾರಿನವರಲ್ಲಿ ಎಷ್ಟೋ ಜನಕ್ಕೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕೂ ಇರಲಿಲ್ಲ. ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ. ಇಲ್ಲಿ ಒಂದೇ ಬಟ್ಟಲು ತುಟಿಯಿಂದ ತುಟಿಗೆ ಬಂತು. ಆ ಬಟ್ಟಲಿನ ಮುಂದೆ ಮೊದಲ ಸಲ ಮೊಣಕಾಲೂರಿದವರಿಗೆ ಏನನ್ನಿಸಿರಬಹುದು ಎಂದು ಯೋಚಿಸಿದರೆ ನನ್ನ ಗಂಟಲು ಕಟ್ಟುತ್ತದೆ. ಸಭೆಯೊಳಗೂ ಜಾತಿ ಪೂರ್ತಿ ಸತ್ತಿಲ್ಲ, ಸಂಬಂಧ ಕುದುರಿಸುವಾಗ ಅದು ತಲೆ ಎತ್ತುತ್ತದೆ. ಅದಕ್ಕೇ ಆ ಕಟಕಟೆಗೆ ವಾರವಾರವೂ, ತಿಂಗಳುತಿಂಗಳೂ ಮರಳಿ ಹೋಗಬೇಕು ಎನ್ನುತ್ತೇನೆ.

ಸಂಬಂಧ ಎಂದೆನಲ್ಲ, ಲಗ್ನದ ಪ್ರಕಟಣೆಯೂ ಭಾನುವಾರದ ಆಕರ್ಷಣೆಗಳಲ್ಲೊಂದು. ಮೂರು ಭಾನುವಾರ ಒಂದಾದ ಮೇಲೊಂದು ಗಂಡಿನ ಹೆಸರು, ಹೆಣ್ಣಿನ ಹೆಸರು, ತಂದೆತಾಯಿ, ಊರು ಎಲ್ಲವನ್ನೂ ಓದಿ, ಯಾರದಾದರೂ ತಕರಾರಿದ್ದರೆ ತಿಳಿಸಿ ಎಂದು ಕೇಳುತ್ತಾರೆ. ಹೆಂಗಸರ ಸಾಲಿನಲ್ಲಿ ಸೆರಗುಗಳು ಅಲುಗಾಡುತ್ತವೆ. "ಹರಿಹರದ ಹುಡುಗ ಅಂದ್ರೆ ಯಾರ ಮಗ?" ಎಂಬ ಪಿಸುಮಾತಿಗೆ ಉತ್ತರ ಬರುವಷ್ಟರಲ್ಲಿ ಮುಂದಿನ ಹಾಡಿನ ಮೊದಲ ಚರಣ ಮುಗಿದಿರುತ್ತದೆ. ಹುಡುಗಿ ತಲೆ ತಗ್ಗಿಸಿ ಪುಸ್ತಕದ ಪುಟ ತಿರುಗಿಸುತ್ತಾಳೆ. ಆ ಮೂರು ವಾರ ಇಡೀ ಸಭೆ ಅವಳ ಮದುವೆಯ ಮನೆ.

ವರ್ಷದಲ್ಲೊಂದು ದಿನ ಈ ಶಿಸ್ತೆಲ್ಲ ಕಟ್ಟು ಬಿಚ್ಚಿಕೊಂಡು ನಗುವುದುಂಟು. ಅದು ಸುಗ್ಗಿಯ ಹಬ್ಬ. ಭದ್ರಾ ಕಾಲುವೆಯ ನೀರುಂಡ ಗದ್ದೆಗಳು ಸುತ್ತಲೂ ಇರುವುದರಿಂದ ಭತ್ತದ ಚೀಲ ಬರುತ್ತದೆ, ಮೆಕ್ಕೆಜೋಳದ ತೆನೆಗಳು, ತೆಂಗಿನಕಾಯಿ, ಅಡಿಕೆ, ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಹೊಲವಿಲ್ಲದವರು ಹೋಳಿಗೆ, ಕರ್ಚಿಕಾಯಿ ಮಾಡಿ ತರುತ್ತಾರೆ. ಹೊಲಿಗೆ ಮಷಿನ್ ಇಟ್ಟುಕೊಂಡವರು ದಿಂಬಿನ ಚೀಲ ತರುತ್ತಾರೆ. ಎಲ್ಲವನ್ನೂ ಮೇಜಿನ ಮುಂದೆ ರಾಶಿ ಹಾಕಿ ಪ್ರಾರ್ಥಿಸಿದ ಮೇಲೆ ಅಂಗಳದ ಶಾಮಿಯಾನದಡಿ ಹರಾಜು ಶುರುವಾಗುತ್ತದೆ. ಕೂಗುವವರಿಗೆ ಎ.ಪಿ.ಎಂ.ಸಿ. ಯಾರ್ಡಿನ ಅನುಭವ ಇರುವುದರಿಂದ ಗಂಟಲಿಗೆ ಮೈಕು ಬೇಡ. ಒಂದು ನಿಂಬೆಹಣ್ಣು ಐವತ್ತಕ್ಕೆ ಹತ್ತಿ, ನೂರು ದಾಟಿ, ಇಬ್ಬರು ಭಾವನೆಂಟರ ಹಟಕ್ಕೆ ಸಿಕ್ಕಿ ಐನೂರಕ್ಕೆ ನಿಲ್ಲುತ್ತದೆ. ಗೆದ್ದವರು ಹಣ ಕೊಟ್ಟು, "ಇದನ್ನ ಮತ್ತೆ ಕೂಗ್ರಿ" ಎಂದು ಅದನ್ನೇ ವಾಪಸ್ ಕೊಡುತ್ತಾರೆ. ಮತ್ತೆ ಹರಾಜು. ಕೊನೆಗೆ ಅದು ಯಾವುದೋ ಮಗುವಿನ ಕೈ ಸೇರುತ್ತದೆ. ಬಂದ ಹಣ ದೇವಾಲಯದ ಚಾವಣಿಗೋ, ಯಾರದೋ ಆಪರೇಷನ್ನಿಗೋ, ಬಡ ಹುಡುಗನ ಕಾಲೇಜು ಫೀಜಿಗೋ ಹೋಗುತ್ತದೆ.

ಇನ್ನು ಕೆಲವರ ಕಾಣಿಕೆಗೆ ಕೂಗೂ ಇಲ್ಲ, ರಸೀದಿಯೂ ಇಲ್ಲ. ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ತೆಗೆದು ಡಬ್ಬಿಗೆ ಹಾಕಿ, ತಿಂಗಳ ಕೊನೆಗೆ ಚೀಲದಲ್ಲಿ ತಂದು ಬಾಗಿಲ ಹತ್ತಿರದ ಡ್ರಮ್ಮಿಗೆ ಸುರಿಯುವ ಹೆಂಗಸರಿದ್ದಾರೆ. ಸೋನಾ ಮಸೂರಿ, ರೇಷನ್ ಅಕ್ಕಿ, ಕುಚ್ಚಲಕ್ಕಿ ಎಲ್ಲ ಬೆರೆತ ಆ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ. ಆದರೂ ಒಲೆ ಹಚ್ಚಲಾಗದ ಮನೆಗಳಿಗೆ ಅದು ತಲುಪಿದೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡ ಕಾಲದಲ್ಲಿ ಆ ಡ್ರಮ್ಮು ಎಷ್ಟು ಮನೆಗಳ ಮಾನ ಉಳಿಸಿತೆಂದು ಹಿರಿಯರು ಈಗಲೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಯಾವ ಮನೆ ಎಂದು ಮಾತ್ರ ಹೇಳುವುದಿಲ್ಲ.

ದಾವಣಗೆರೆಯಲ್ಲೇ ನಾವಿರುವ ಆವರಗೆರೆಯಲ್ಲಿ ವಾರದ ನಡುವೆ ಮನೆಪ್ರಾರ್ಥನೆ. ಶುಕ್ರವಾರ ಸಂಜೆ ಒಬ್ಬೊಬ್ಬರ ಸರದಿ. ಮಂಚ ಗೋಡೆಗೆ ಸರಿಯುತ್ತದೆ, ಟಿ.ವಿ. ಮೇಲೆ ಟವೆಲು ಬೀಳುತ್ತದೆ, ಚಾಪೆ ಹಾಸುತ್ತಾರೆ. ದೊಡ್ಡ ದೇವಾಲಯದಲ್ಲಿ ಬಾಯಿಬಿಡದವರು ಇಲ್ಲಿ ಬಾಯಿಬಿಟ್ಟು ಪ್ರಾರ್ಥಿಸುತ್ತಾರೆ: ಎಸ್.ಎಸ್.ಎಲ್.ಸಿ. ಬರೆಯುವ ಮಗ, ಕುಡಿತ ಬಿಡದ ಗಂಡ, ಮಾರಾಟವಾಗದ ಮೆಕ್ಕೆಜೋಳ, ಎಲ್ಲ ಹೆಸರು ಹಿಡಿದು. ಗೋಡೆಯಾಚೆಯ ಲಿಂಗಾಯತರ ಮನೆಯ ಅವ್ವ ಹೊಸ್ತಿಲ ಬಳಿ ಬಂದು ಕೂತು, ತನ್ನ ಸೊಸೆಯ ಹೆರಿಗೆಯ ವಿಷಯವನ್ನೂ ಸೇರಿಸಲು ಹೇಳುತ್ತಾರೆ. ಸೇರಿಸುತ್ತೇವೆ. ಪ್ರಾರ್ಥನೆ ಮುಗಿದ ಮೇಲೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ, ಚಹಾ. ಅದನ್ನು ತಿನ್ನದೆ ಹೊರಟರೆ ಮನೆಯವರಿಗೆ ಬೇಸರವಾಗುತ್ತದೆ.

ಎರಡನೆಯ ಸುತ್ತಿನ ಚಹಾ ಬರುವ ಹೊತ್ತಿಗೆ ಅಯ್ಯನವರು ಡೈರಿ ತೆಗೆಯುತ್ತಾರೆ.

"ಬರೋ ಶುಕ್ರವಾರ ಯಾರ ಮನೆ?"

"ನಮ್ಮನೇಲೇ ಇಟ್ಕೊಳ್ರಿ ಅಯ್ಯನೋರೆ," ಎಂದು ಹೊಸ್ತಿಲ ಬಳಿಯ ಅವ್ವ ಹೇಳುತ್ತಾರೆ. "ಅಷ್ಟೊತ್ತಿಗೆ ಸೊಸಿ ಕೂಸು ಹೊತ್ಕೊಂಡು ಬಂದಿರ್ತಾಳ."