ಗಾಳಿಯ ಬೆನ್ನು ಹತ್ತಿ ಮೊಂಟೆವರ್ಡೆಗೆ

ಕೋಸ್ಟರೀಕಾದ ನಕ್ಷೆಯಲ್ಲಿ ಲಾ ಫೋರ್ಟೂನಾ ಊರಿಗೂ ಮೊಂಟೆವರ್ಡೆಗೂ ನಡುವೆ ಬೆರಳಗಲದ ಜಾಗವೂ ಇಲ್ಲ. ಆದರೆ ಅಷ್ಟರಲ್ಲೇ ಒಂದು ಅಗ್ನಿಪರ್ವತ, ಒಂದು ಭಾರಿ ಜಲಾಶಯ, ತಿಲರಾನ್ ಬೆಟ್ಟಸಾಲು ಮೂರೂ ಕೂತಿವೆ. ಜಲಾಶಯವನ್ನು ಸುತ್ತು ಹಾಕಿ ರಸ್ತೆಯಲ್ಲೇ ಹೋದರೆ ನಾಲ್ಕು ತಾಸಿನ ಹತ್ತಿರ ಬೇಕು. ಹಾಗಾಗಿ ಅಲ್ಲಿನ ಶಟಲ್‌ನವರು ನೀರನ್ನೇ ದಾರಿ ಮಾಡಿಕೊಂಡಿದ್ದಾರೆ: ಈ ದಡದ ತನಕ ಒಂದು ವ್ಯಾನು, ನಡುವೆ ದೋಣಿ, ಆಚೆ ದಡದಲ್ಲಿ ಕಾಯುವ ಇನ್ನೊಂದು ವ್ಯಾನು. ಎಲ್ಲಕ್ಕೂ ಸೇರಿ ಒಂದೇ ಟಿಕೆಟ್ಟು. ಮೊಂಟೆವರ್ಡೆಯ ಮೋಡಕಾಡಿಗೆ ಹೋಗಲು ಇದಕ್ಕಿಂತ ಸರಿಯಾದ ದಾರಿ ಇಲ್ಲವೆಂದೇ ನನ್ನ ನಂಬಿಕೆ. ಆ ಕಾಡನ್ನು ಸಾಕುವ ಗಾಳಿ ಬೆಟ್ಟ ಹತ್ತುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಫೆಬ್ರವರಿಯ ಬೆಳಿಗ್ಗೆ ವ್ಯಾನು ಹೋಟೆಲಿನ ಬಾಗಿಲಿಗೇ ಬಂತು. ಅಣೆಕಟ್ಟಿನ ಹತ್ತಿರದ ದಡದಲ್ಲಿ ಇಳಿಸಿದರು. ಹುಡುಗರು ನಮ್ಮ ಚೀಲಗಳನ್ನೆಲ್ಲ ಹೊತ್ತು ದೋಣಿಗೆ ಪೇರಿಸಿದರು. ಬೆನ್ನ ಹಿಂದೆ ಅರೆನಾಲ್ ಪರ್ವತ. 1968ರ ಜುಲೈನಲ್ಲಿ ಸಿಡಿದು ಊರುಗಳನ್ನು ನುಂಗಿ, ಆಮೇಲೆ 2010ರವರೆಗೂ ಕೆಂಡ ಉಗುಳುತ್ತಲೇ ಇದ್ದ ಬೆಟ್ಟ. ಈಗ ಅದರ ತುದಿಯ ಮೇಲೆ ಬಿಳಿ ಮೋಡ ಮಾತ್ರ. ಮುಂದೆ ಹರಡಿರುವ ನೀರು 1979ರ ಅಣೆಕಟ್ಟಿನದು. ವಿದ್ಯುತ್ತಿಗಾಗಿ ಕಟ್ಟಿದ್ದು. ಅರೆನಾಲ್, ತ್ರೊನಾದೊರಾ ಎಂಬ ಎರಡು ಹಳೆಯ ಊರುಗಳು ಇದರ ತಳದಲ್ಲಿವೆ. ಜನ ಮೇಲಿನ ದಂಡೆಗೆ ಹೋಗಿ ಅದೇ ಹೆಸರಿನ ಹೊಸ ಊರು ಕಟ್ಟಿಕೊಂಡರು. ಲಿಂಗನಮಕ್ಕಿಯ ಹಿನ್ನೀರು ಕಂಡವರಿಗೆ, ಮುಳುಗಡೆ ಎಂಬ ಮಾತು ಕೇಳಿ ಬೆಳೆದವರಿಗೆ, ಆ ನೀರಿನ ಮೇಲೆ ಸಾಗುವಾಗ ಎದೆ ಭಾರವಾಗದೆ ಇರದು.

ದೋಣಿ ನಡುನೀರಿಗೆ ಬಂದಾಗ ಗಾಳಿ ಬೆನ್ನಿಗೆ ಬಡಿಯಿತು. ಕೆರಿಬಿಯನ್ ಕಡಲಿನಿಂದ ಹೊರಟ ವಾಣಿಜ್ಯ ಮಾರುತ ಬಯಲು ದಾಟಿ, ಬೆಟ್ಟಗಳ ನಡುವಿನ ಈ ಸಂದಿಯಲ್ಲಿ ಬಿರುಸಾಗಿ ನುಗ್ಗುತ್ತದೆ. ತಿಲರಾನ್ ಕಡೆಯ ದಿಬ್ಬಗಳ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುವುದು ಅದಕ್ಕೇ. ನಾವೂ ಆ ಗಾಳಿಯೂ ಒಂದೇ ದಿಕ್ಕಿಗೆ ಹೊರಟಿದ್ದೆವು. ಅದರ ಬಳಿ ಕಡಲಿನಿಂದ ಹೊತ್ತು ತಂದ ಆವಿ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ, ಅಷ್ಟೆ.

ರಿಯೊ ಚಿಕೀತೊದಲ್ಲಿ ಮತ್ತೆ ವ್ಯಾನು. ಇಲ್ಲಿಂದ ಜಲ್ಲಿಕಲ್ಲಿನ ಏರುದಾರಿ. ಎರಡೂ ಬದಿ ಹುಲ್ಲುಗಾವಲು, ಅಲ್ಲಲ್ಲಿ ಹಾಲು ಕರೆಯುವ ಹಸುಗಳು. ಮೇಲೇರಿದ ಹಾಗೆ ಗಾಳಿ ತಣ್ಣಗಾಗುತ್ತದೆ; ತಣ್ಣಗಾದ ಗಾಳಿ ತನ್ನಲ್ಲಿರುವ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಬೆಟ್ಟದ ನೆತ್ತಿಯ ಹತ್ತಿರ ಅದು ನೆಲಕ್ಕೆ ತಾಗಿಕೊಂಡೇ ಮೋಡವಾಗುತ್ತದೆ. ಒಂದು ತಿರುವಿನವರೆಗೆ ಬಿಸಿಲಿತ್ತು. ತಿರುವು ದಾಟಿದೊಡನೆ ಗಾಜಿನ ತುಂಬ ಹನಿ, ಎದುರಿನ ರಸ್ತೆ ಮಾಯ. ಹನಿಗಳು ಮೇಲಿನಿಂದ ಬೀಳದೆ ಅಡ್ಡಡ್ಡ ಹಾರುತ್ತಿದ್ದವು. ಚಾಲಕ ಮಾತಾಡದೆ ವೈಪರ್ ಹಾಕಿದ. ಅವನಿಗೆ ಇದು ದಿನದ ಮಾತು. ನಮಗೋ, ಮೊಂಟೆವರ್ಡೆಯ ಸಾಂತಾ ಎಲೆನಾ ಪೇಟೆಯಲ್ಲಿ ಇಳಿದ ಮೇಲೂ ಮಾತು ಹೊರಡಲಿಲ್ಲ.

ಮರುದಿನ ಬೆಳಕು ಹರಿಯುವಾಗಲೇ ಕಾಡಿನ ಬಾಗಿಲಲ್ಲಿದ್ದೆವು. ಇಲ್ಲಿ ಮರದ ತೊಗಟೆ ಕಾಣಬೇಕೆಂದರೆ ಹುಡುಕಬೇಕು. ಬುಡದಿಂದ ತುದಿಯವರೆಗೆ ಪಾಚಿ, ಪಾಚಿಯ ಮೇಲೆ ಜರೀಗಿಡ, ಅದರ ಸಂದಿಯಲ್ಲಿ ಆರ್ಕಿಡ್. ಮೊಂಟೆವರ್ಡೆಯ ಆಸುಪಾಸಿನಲ್ಲೇ ಐನೂರರಷ್ಟು ಜಾತಿಯ ಆರ್ಕಿಡ್‌ಗಳಿವೆ. ಇವು ಬಂದಳಿಕೆಗಳಲ್ಲ, ಮರದ ರಸ ಹೀರುವುದಿಲ್ಲ. ಕೂರಲು ಜಾಗ ಕೇಳುತ್ತವೆ, ನೀರನ್ನು ಮೋಡದಿಂದಲೇ ತೆಗೆದುಕೊಳ್ಳುತ್ತವೆ.

ದಾರಿಗೆ ಅಡ್ಡ ಒಂದು ಕೊಂಬೆ ಮುರಿದು ಬಿದ್ದಿತ್ತು. ನಾನು ಮೊಣಕಾಲೂರಿ ಕೂತೆ. ತೋಳು ದಪ್ಪದ ಕೊಂಬೆಯ ಮೇಲೆ ಗೇಣುದ್ದದ ಪಾಚಿ. ಅಕ್ಕಿಕಾಳಿಗಿಂತ ಚಿಕ್ಕದೊಂದು ಹೂವು, ಹಳದಿ, ಅದರಲ್ಲೂ ತುಟಿಯಿದೆ, ಗೆರೆಯಿದೆ. ಪಕ್ಕದಲ್ಲಿ ಅನಾನಸ್ ಬಳಗದ ಬ್ರೊಮೀಲಿಯಾಡ್. ಅದರ ಎಲೆಗಳು ಬುಡದಲ್ಲಿ ಒಂದಕ್ಕೊಂದು ಅಂಟಿ ಬಟ್ಟಲಾಗಿವೆ. ಬಿದ್ದ ಮೇಲೂ ಬಟ್ಟಲಿನಲ್ಲಿ ಸ್ವಲ್ಪ ನೀರು ಉಳಿದಿತ್ತು. ನೀರಿನಲ್ಲಿ ಕೊಳೆತ ಎಲೆ, ಎಲೆಯ ಕೆಳಗೆ ಮಿಸುಕುವ ಮರಿಹುಳು. ಪಾಚಿಯನ್ನು ಬೆರಳಿನಿಂದ ಸರಿಸಿದರೆ ಅಡಿಯಲ್ಲಿ ಕಪ್ಪು ಮಣ್ಣು. ನೆಲದಿಂದ ಅಷ್ಟೆತ್ತರದಲ್ಲಿ ಮಣ್ಣು! ಭಾರತೀಯ ತಂದೆಯ ಮಗಳು, ಅಮೆರಿಕದ ವಿಜ್ಞಾನಿ ನಳಿನಿ ನಾಡಕರ್ಣಿ ಹಗ್ಗ ಕಟ್ಟಿಕೊಂಡು ಇಲ್ಲಿನ ಮರಗಳ ನೆತ್ತಿಗೇರಿ ಈ ಆಕಾಶದ ಮಣ್ಣನ್ನೇ ದಶಕಗಟ್ಟಲೆ ಓದಿದವರು. ಕೆಲವು ಮರಗಳು ತಮ್ಮ ಕೊಂಬೆಗಳಿಂದಲೇ ಬೇರು ಬಿಟ್ಟು ಆ ಮಣ್ಣಿನ ಸಾರ ಉಣ್ಣುತ್ತವೆ ಎಂದು ಲೋಕಕ್ಕೆ ತೋರಿಸಿದವರೂ ಅವರೇ. ಕೊಂಬೆಯಿಂದ ಪಾಚಿಯನ್ನು ಕಿತ್ತರೆ ಅದು ಮತ್ತೆ ತುಂಬಿಕೊಳ್ಳಲು ದಶಕಗಳೇ ಬೇಕಂತೆ. ಸರಿಸಿದ ಪಾಚಿಯನ್ನು ಮೆಲ್ಲಗೆ ಮೊದಲಿನಂತೆ ಒತ್ತಿದೆ.

ಅಷ್ಟರಲ್ಲಿ ಗೈಡ್ ಕೈಯೆತ್ತಿ ನಿಂತ. ಮೇಲೆ ಕಾಡು ಬೆಣ್ಣೆಹಣ್ಣಿನ ಮರ. ಕಾಯಿ ನೇರಳೆಹಣ್ಣಿಗಿಂತ ತುಸು ದೊಡ್ಡದು. ಕೆಟ್ಸಾಲ್ ಹಕ್ಕಿ ಅಲ್ಲೇ ಇದೆ ಎಂದ. ಎಷ್ಟು ನೋಡಿದರೂ ಹಸಿರು ಎಲೆ, ಹಸಿರು ನೆರಳು. ಒಂದು ಎಲೆಗೊಂಚಲು ತಿರುಗಿತು, ಎದೆ ಕೆಂಪಾಯಿತು. ಬಾಲದ ಮೇಲಿನ ಎರಡು ಉದ್ದ ಗರಿಗಳು ದೇಹಕ್ಕಿಂತ ಉದ್ದ, ಗಾಳಿಗೆ ನುಲಿಯುತ್ತಿದ್ದವು. ಆ ಗರಿಗಳಲ್ಲಿ ಹಸಿರು ಬಣ್ಣವೆಂಬುದೇ ಇಲ್ಲ. ಗರಿಯ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಚದುರುವಾಗ ಹುಟ್ಟುವ ಹಸಿರು ಅದು. ಅದಕ್ಕೇ ಒಮ್ಮೆ ಚಿನ್ನ, ಒಮ್ಮೆ ನೀಲಿ, ಮೋಡ ಕವಿದರೆ ಒದ್ದೆ ಎಲೆ. ಹಕ್ಕಿ ಹಾರಿ, ಗಾಳಿಯಲ್ಲೇ ಕಾಯಿ ಕಿತ್ತು, ಇಡಿಯಾಗಿ ನುಂಗಿ ಮರಳಿ ಕೂತಿತು. ತಿರುಳು ಕರಗಿದ ಮೇಲೆ ಬೀಜವನ್ನು ಇನ್ನೆಲ್ಲೋ ಉಗುಳುತ್ತದೆ. ಬೆಣ್ಣೆಹಣ್ಣಿನ ಮರ ಹಬ್ಬುವುದು ಹೀಗೆ. ಗುಂಪಿನಲ್ಲಿದ್ದ ಯಾರೂ ಉಸಿರೆತ್ತಲಿಲ್ಲ. ನನ್ನ ಕಣ್ಣು ತುಂಬಿ ಬಂದಿತ್ತು.

ಈ ಕಾಡು ಉಳಿದದ್ದರ ಹಿಂದೆ ಒಂದು ಯುದ್ಧ ಬೇಡವೆಂದವರ ಕಥೆಯಿದೆ. ಅಮೆರಿಕದ ಅಲಬಾಮಾದ ಫೇರ್‌ಹೋಪ್‌ನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದ ನಾಲ್ವರು ಯುವಕರು ಸೇನೆಗೆ ಹೆಸರು ಬರೆಸಲು ಒಪ್ಪದೆ 1949ರಲ್ಲಿ ಜೈಲು ಕಂಡರು. ಕೋಸ್ಟರೀಕಾ 1948ರ ಡಿಸೆಂಬರ್‌ನಲ್ಲಷ್ಟೇ ತನ್ನ ಸೇನೆಯನ್ನು ರದ್ದು ಮಾಡಿತ್ತು. ಹಲವು ಕುಟುಂಬಗಳು ಅಲ್ಲಿಗೇ ಹೊರಟು, 1951ರಲ್ಲಿ ಈ ಬೆಟ್ಟದಲ್ಲಿ ಜಮೀನು ಕೊಂಡವು. ಹಾಲನ್ನು ಕೆಟ್ಟ ದಾರಿಯಲ್ಲಿ ಇಳಿಸುವುದು ಕಷ್ಟವೆಂದು ಚೀಸ್ ಮಾಡಲು ಕಲಿತರು. ಆದರೆ ನೆತ್ತಿಯ ಸುಮಾರು 554 ಹೆಕ್ಟೇರ್ ಕಾಡಿಗೆ ಕೊಡಲಿ ಹಾಕಲಿಲ್ಲ; ತಮ್ಮ ಹಳ್ಳದ ನೀರಿನ ಮೂಲ ಅಲ್ಲಿದೆ ಎಂದು ಅವರಿಗೆ ಗೊತ್ತಿತ್ತು. 1972ರಲ್ಲಿ ಜೀವವಿಜ್ಞಾನಿ ಜಾರ್ಜ್ ಪವೆಲ್ ಮತ್ತು ಕ್ವೇಕರ್ ರೈತ ವಿಲ್ಫೋರ್ಡ್ ಗಿಂಡನ್ ಸೇರಿ ರಕ್ಷಿತಾರಣ್ಯಕ್ಕೆ ಅಡಿಪಾಯ ಹಾಕಿದರು. 1987ರಲ್ಲಿ ಸ್ವೀಡನ್ನಿನ ಒಂದು ಶಾಲೆಯ ಪುಟ್ಟ ಮಕ್ಕಳು ಕಾಸು ಕೂಡಿಸಿ ಕಾಡು ಕೊಳ್ಳಲು ಕಳಿಸಿದರು. ಆ ‘ಮಕ್ಕಳ ಚಿರಕಾಡು’ ಈಗ 22,000 ಹೆಕ್ಟೇರಿಗೂ ಮಿಗಿಲಾಗಿ ಬೆಳೆದಿದೆ. ಮರ ಕಡಿದರೆ ಊಟ, ಉಳಿಸಿದರೆ ನೀರು ಎಂಬ ಲೆಕ್ಕವನ್ನು ಇಷ್ಟು ಬೇಗ ಅರಿತ ಊರುಗಳು ಕಡಿಮೆ.

ಆದರೂ ಒಂದು ಜೀವ ಕೈತಪ್ಪಿತು. ಚಿನ್ನದ ಕಪ್ಪೆ. ಈ ನೆತ್ತಿಯ ಕೆಲವೇ ಚದರ ಕಿಲೋಮೀಟರ್ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ವರ್ಷದ ಬಹುಪಾಲು ನೆಲದಡಿಯಲ್ಲಿದ್ದು, ಏಪ್ರಿಲ್ ಹೊತ್ತಿನ ಮೊದಲ ಮಳೆಗೆ ಬೇರುಗಳ ನಡುವಿನ ಗುಂಡಿನೀರಿಗೆ ಬರುತ್ತಿತ್ತು, ಗಂಡಾದರೆ ಉರಿಯುವ ಕಿತ್ತಳೆ ಬಣ್ಣದಲ್ಲಿ. 1987ರಲ್ಲಿ 1,500ಕ್ಕೂ ಹೆಚ್ಚು ಕಂಡವು. 1989ರಲ್ಲಿ ಒಂದೇ ಒಂದು ಗಂಡು. ಆಮೇಲೆ ಒಂದೂ ಇಲ್ಲ. ಶಿಲೀಂಧ್ರ ರೋಗ ಒಂದು ಕಾರಣ, ಬರಗಾಲವಿದ್ದ ವರ್ಷಗಳು ಇನ್ನೊಂದು ಎನ್ನುತ್ತಾರೆ. ವಿಜ್ಞಾನಿ ಅಲನ್ ಪೌಂಡ್ಸ್ ಮತ್ತು ಜೊತೆಗಾರರು 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು ಇನ್ನೂ ದೊಡ್ಡ ಸಂಗತಿ: 1970ರ ದಶಕದಿಂದ ಬೇಸಿಗೆಯಲ್ಲಿ ಮಂಜಿಲ್ಲದ ದಿನಗಳು ಹೆಚ್ಚುತ್ತಿವೆ, ಕಡಲು ಕಾದಂತೆ ಮೋಡ ಮೇಲೆ ಮೇಲೆ ಕಟ್ಟುತ್ತಿದೆ. ತಗ್ಗಿನ ಟೂಕನ್ ಹಕ್ಕಿಗಳು ಬೆಟ್ಟವೇರಿ ಕೆಟ್ಸಾಲ್‌ಗಳ ನೆರೆಯಲ್ಲೇ ಗೂಡು ಮಾಡತೊಡಗಿದ್ದನ್ನೂ ಅವರು ದಾಖಲಿಸಿದ್ದಾರೆ. ತಗ್ಗಿನವಕ್ಕೆ ಏರಲು ಜಾಗವಿದೆ. ನೆತ್ತಿಯಲ್ಲಿರುವವು ಎಲ್ಲಿಗೆ ಏರಬೇಕು?

ಈ ಕಾಡಿನ ಲಾ ವೆಂತಾನಾ ಎಂಬ ನೋಟದ ಜಾಗ ಜಲವಿಭಜಕದ ಮೇಲೆಯೇ ಇದೆ. ಇಲ್ಲಿ ಬಿದ್ದ ಹನಿ ಈಚೆ ಹರಿದರೆ ಪೆಸಿಫಿಕ್, ಆಚೆ ಹರಿದರೆ ಕೆರಿಬಿಯನ್. ಇಲ್ಲಿ ಮರಗಳು ನನ್ನ ತಲೆಯೆತ್ತರಕ್ಕೆ ಕುಗ್ಗಿ, ಗಾಳಿಗೆ ಬಾಗಿ ನಿಂತಿವೆ. ಎರಡೂ ಕಡಲು ಕಾಣುವ ದಿನಗಳೂ ಉಂಟಂತೆ. ನಮಗೆ ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ. ಕೈ ಚಾಚಿದೆ. ಅಂಗಿಯ ತೋಳು ಹನಿಗಟ್ಟಿತು. ಜಲಾಶಯದ ಮೇಲೆ ಬೆನ್ನಿಗೆ ಬಡಿದ ಗಾಳಿಯೇ ಇಲ್ಲಿ ನೀರಾಗಿತ್ತು.

ವಾಪಸು ಬರುವಾಗ ಶಟಲ್ ಪೆಸಿಫಿಕ್ ಕಡೆಗೆ ಇಳಿಯಿತು. ಈ ಕಡೆಯ ರಸ್ತೆಗೆ ಡಾಂಬರು ಬಿದ್ದು ಹೆಚ್ಚು ವರ್ಷಗಳಾಗಿಲ್ಲ. ಒಳ್ಳೆಯ ರಸ್ತೆ ಬಂದರೆ ಜನಸಂದಣಿಯೂ ಬರುತ್ತದೆಂಬ ಅಂಜಿಕೆ ಅಲ್ಲಿ ಹಳೆಯದು. ತುಸು ದೂರ ಇಳಿದಾಗ ಮೋಡ ಹರಿಯಿತು, ಬಿಸಿಲು ಚುರುಗುಟ್ಟಿತು, ಗುಡ್ಡಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಗಾಳಿ ಅಲ್ಲೂ ಬೀಸುತ್ತಿತ್ತು, ನೀರೆಲ್ಲ ಮೇಲೆಯೇ ಖರ್ಚಾಗಿ ಬರಿಗೈಯಾಗಿತ್ತು. ಹೋಗುವವರಿಗೆ ನನ್ನದೊಂದು ಮಾತು: ಜಲಾಶಯದ ಕಡೆಯಿಂದ ಹತ್ತಿ, ಈ ಒಣ ಮಗ್ಗುಲಲ್ಲಿ ಇಳಿಯಿರಿ. ನಡುವೆ ಕಾಡಿಗೆ ಒಂದು ಪೂರ್ತಿ ಬೆಳಗು ಕೊಡಿ, ಒಳ್ಳೆಯ ಗೈಡ್ ಜೊತೆಗಿರಲಿ, ಬಿಸಿಲಿದ್ದರೂ ರೇನ್‌ಕೋಟು ಬಿಟ್ಟು ಹೋಗಬೇಡಿ.