ಧಾರೆ ಮತ್ತು ದಾಖಲೆ

ಕೆಂಟನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರು ನಿಂತು ಬಹಳ ವರ್ಷಗಳಾದವು. ಎರಡು ಹಸೆಮಣೆ, ಹಿತ್ತಾಳೆಯ ಕಲಶಗಳು, ಅಂತರಪಟ, ಹೋಮಕುಂಡ, ಬಾಸಿಂಗಗಳ ಪೆಟ್ಟಿಗೆ, ಬಾಗಿನಕ್ಕೆಂದು ಊರಿನಿಂದ ತಂದ ಮೊರಗಳು, ಇವು ಅಲ್ಲಿ ಈಗ ವಾಸವಾಗಿವೆ. ನಾವು ದಂಪತಿಗಳು ಮಾಡುವ ಕೆಲಸಕ್ಕೆ ಈ ದೇಶದಲ್ಲಿ ವೆಡ್ಡಿಂಗ್ ಪ್ಲಾನರ್ ಎಂಬ ಹೆಸರಿದೆ. ನಮ್ಮ ಹಿರಿಯರ ಕಾಲದಲ್ಲಿ ಇಂಥದೊಂದು ವೃತ್ತಿ ಇರಲಿಲ್ಲ. ಸೋದರಮಾವ ಉಗ್ರಾಣದ ಬೀಗದಕೈ ಇಟ್ಟುಕೊಳ್ಳುತ್ತಿದ್ದ, ಚಿಕ್ಕಪ್ಪ ಅಡುಗೆಭಟ್ಟರ ಬೆನ್ನು ಹತ್ತುತ್ತಿದ್ದ, ಅತ್ತೆಯರು ಹಸೆ ಬರೆದು ಹಾಡುತ್ತಿದ್ದರು. ಕಡಲಾಚೆಯ ಮದುವೆಗಳಿಗೆ ಆ ಬಂಧುಗಳೆಲ್ಲ ವಾಟ್ಸಾಪ್‌ನಲ್ಲಿ ಬರುತ್ತಾರೆ, ಉಗ್ರಾಣಕ್ಕೆ ಬರಲಾಗುವುದಿಲ್ಲ. ಅವರ ಸ್ಥಾನದಲ್ಲಿ ನಿಂತು ದುಡಿಯುವುದೇ ನಮ್ಮ ಕಸುಬು.

ಹೊರಗಿನಿಂದ ನೋಡುವವರಿಗೆ ಇದು ಹೂವು, ದೀಪ, ಭೋಜನಗಳ ಕೆಲಸ. ನಮ್ಮ ಹೆಚ್ಚಿನ ಹೊತ್ತು ಸಲ್ಲುವುದು ಸಣ್ಣ ಹೊಂದಾಣಿಕೆಗಳಿಗೆ. ಹೋಮದ ಹೊಗೆಗೆ ಸಭಾಂಗಣದ ಎಚ್ಚರಿಕೆ ಗಂಟೆ ಬಾರಿಸದಂತೆ ಮೊದಲೇ ಒಪ್ಪಿಗೆ ಪಡೆಯಬೇಕು. ಊರಿನ ಜ್ಯೋತಿಷಿಗಳು ಗುರುತಿಸಿದ ಲಗ್ನವನ್ನು ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಕಳೆದು ಇಲ್ಲಿಗೆ ಇಳಿಸಿದರೆ ಆಗದು. ಲಗ್ನ ಆಯಾ ಸ್ಥಳದ ಸೂರ್ಯನನ್ನು ನಂಬಿಕೊಂಡದ್ದು. ಜೂನ್, ಜುಲೈ ತಿಂಗಳುಗಳಲ್ಲಿ ಲಂಡನ್ನಿನ ನಿಜವಾದ ನಡುಹಗಲು ಗಡಿಯಾರದಲ್ಲಿ ಒಂದು ಗಂಟೆ ದಾಟಿದ ಮೇಲೆ ಬರುತ್ತದೆ. ಆದ್ದರಿಂದ ಅಭಿಜಿನ್ ಮುಹೂರ್ತವೆಂದರೆ ಹಸಿದ ಮಕ್ಕಳ ಅಳುವಿನ ಹೊತ್ತು. ಹನ್ನೊಂದೂವರೆಗೆ ಉಪ್ಪಿಟ್ಟು ಕೊಡಿಸುವುದನ್ನು ನಾವು ಅನುಭವದಿಂದ ಕಲಿತೆವು.

ಆದರೆ ಈ ಲೇಖನವನ್ನು ಬರೆಯಲು ಕುಳಿತದ್ದು ಉಪ್ಪಿಟ್ಟಿನ ವಿಷಯ ಹೇಳುವುದಕ್ಕಲ್ಲ.

ನಮ್ಮ ಆರಂಭದ ವರ್ಷಗಳಲ್ಲಿ ಒಂದು ಮದುವೆ ನಡೆಸಿಕೊಟ್ಟೆವು. ಮುಹೂರ್ತ ತಪ್ಪಲಿಲ್ಲ, ಊಟ ಸಾಲದೆ ಹೋಗಲಿಲ್ಲ, ಗಟ್ಟಿಮೇಳವೂ ಸರಿಯಾದ ಕ್ಷಣಕ್ಕೆ ಮೊಳಗಿತು. ನೋಂದಣಿಯ ಮಾತು ಬಂದಾಗ ವರನ ಕಡೆಯವರು, “ಅದನ್ನು ಆಮೇಲೆ ಮಾಡಿಕೊಂಡರಾಯಿತು” ಎಂದರು. ಅದು ನಮ್ಮ ಕೆಲಸವಲ್ಲವೆಂದು ನಾವೂ ಸುಮ್ಮನಿದ್ದೆವು. ಒಂಬತ್ತು ವರ್ಷಗಳ ಬಳಿಕ ಒಂದು ಸಂಜೆ ಆ ವಧು ಫೋನ್ ಮಾಡಿದಳು. “ಆಂಟಿ, ನಮ್ಮ ಮದುವೆಯದು ಏನಾದರೂ ಕಾಗದ ನಿಮ್ಮ ಹತ್ತಿರ ಇದೆಯಾ?” ಎಂದು ಕೇಳಿದಳು. ಗಂಡ ಮನೆ ಬಿಟ್ಟು ಹೋಗಿದ್ದ. ಮನೆ ಅವನ ಹೆಸರಿನಲ್ಲಿತ್ತು. ವಕೀಲರು ಮೊದಲು ಕೇಳಿದ್ದು ವಿವಾಹದ ಪ್ರಮಾಣಪತ್ರ. “ಆಮೇಲೆ” ಎಂಬುದು ಬಂದೇ ಇರಲಿಲ್ಲ. ನಾವು ಕಡತಗಳನ್ನೆಲ್ಲ ತಡಕಿದೆವು. ಸಿಕ್ಕಿದ್ದು ಅಡುಗೆಯವರ ಬಿಲ್ಲು, ಹೂವಿನ ಲೆಕ್ಕ, ಮುನ್ನೂರು ಅತಿಥಿಗಳ ಪಟ್ಟಿ. ಮುನ್ನೂರು ಜನ ಅಕ್ಷತೆ ಹಾಕಿದ ಮದುವೆ ಈ ದೇಶದ ಕಾನೂನಿನ ಕಣ್ಣಿಗೆ ಬಿದ್ದಿರಲೇ ಇಲ್ಲ.

ನಮ್ಮವರು ಇಲ್ಲಿ ಎಡವುವುದಕ್ಕೆ ಕಾರಣವಿದೆ. ಭಾರತದ 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ಕಲಮಿನಂತೆ, ಶಾಸ್ತ್ರದಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ವಿವಾಹ ಪೂರ್ಣವಾಗುತ್ತದೆ. ಬೆಂಗಳೂರಿನ ಛತ್ರದಲ್ಲಿ ಆ ಹೆಜ್ಜೆಗೆ ಕಾನೂನಿನ ಬಲವಿದೆ. ಅದೇ ಏಳು ಹೆಜ್ಜೆಗಳನ್ನು ಕೆಂಟನ್ನಿನ ಸಭಾಂಗಣದಲ್ಲಿ ತುಳಿದರೆ ದೇವರ ಮುಂದೆ ಮದುವೆ; ಸರಕಾರದ ಮುಂದೆ ಏನೂ ಅಲ್ಲ. 1998ರಲ್ಲಿ ಲಂಡನ್ನಿನ ಭೋಜನಗೃಹವೊಂದರಲ್ಲಿ ನಿಕಾಹ್ ಮಾಡಿಕೊಂಡು, ನಾಲ್ಕು ಮಕ್ಕಳನ್ನು ಪಡೆದ ದಂಪತಿಗಳ ಪ್ರಕರಣದಲ್ಲಿ ಇಲ್ಲಿಯ ಮೇಲ್ಮನವಿ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಅದು ಕಾನೂನಿನ ಅರ್ಥದಲ್ಲಿ ವಿವಾಹವೇ ಅಲ್ಲ. ವಿವಾಹವೇ ಇಲ್ಲವೆಂದ ಮೇಲೆ, ಪತ್ನಿಯಾಗಿ ಆಸ್ತಿಯಲ್ಲಿ ಪಾಲು ಕೇಳುವ ದಾರಿಯೂ ಮುಚ್ಚಿಹೋಗುತ್ತದೆ.

ಆ ಫೋನ್ ಬಂದ ಮೇಲೆ ನಮ್ಮ ಪದ್ಧತಿ ಬದಲಾಯಿತು. ಮಾತುಕತೆಗೆ ಬಂದವರಿಗೆ ಕಾಫಿ ಕೊಟ್ಟು, ಮಂಟಪದ ಬಣ್ಣ ಕೇಳುವ ಮೊದಲೇ, “ನೋಟಿಸ್ ಕೊಟ್ಟಿದ್ದೀರಾ?” ಎಂದು ಕೇಳುತ್ತೇವೆ. ವಧೂವರರು ತಾವು ವಾಸಿಸುವ ಕಡೆಯ ನೋಂದಣಿ ಕಚೇರಿಗೆ ಖುದ್ದಾಗಿ ಹೋಗಿ ಕೊಡಬೇಕಾದ ತಿಳಿವಳಿಕೆ ಅದು. ಕೊಟ್ಟ ಮೇಲೆ ಕನಿಷ್ಠ 28 ದಿನ ಕಾಯಬೇಕು. ಒಬ್ಬರು ವೀಸಾ ಮೇಲೆ ಬಂದವರಾದರೆ ಅವಧಿ 70 ದಿನಗಳಿಗೆ ಹೋಗಬಹುದು. ಕೆಂಟನ್ ರಸ್ತೆ ಬಹುಮಟ್ಟಿಗೆ ಹ್ಯಾರೋ ಮತ್ತು ಬ್ರೆಂಟ್ ಕೌನ್ಸಿಲ್‌ಗಳ ಗಡಿ. ಎದುರುಬದುರು ಮನೆಯ ಹುಡುಗ ಹುಡುಗಿ ಮದುವೆಯಾದರೂ ಇಬ್ಬರೂ ಬೇರೆ ಬೇರೆ ಕೌನ್ಸಿಲ್‌ಗೆ ಸೇರಿದವರಾಗಬಹುದು. ಇದನ್ನು ಹೇಳಿದಾಗ ಬೀಗರಿಬ್ಬರೂ ನಗುತ್ತಾರೆ. ಬಿಗಿಯಾದ ವಾತಾವರಣ ಸ್ವಲ್ಪ ಸಡಿಲವಾಗುತ್ತದೆ.

ಬಿಗಿಯಾಗುವುದು ಸಹಜವೇ. ಒಮ್ಮೆ ತುಮಕೂರಿನಿಂದ ಮೊಮ್ಮಗಳ ಮದುವೆಗೆಂದು ಬಂದಿದ್ದ ಅಜ್ಜಿಯೊಬ್ಬರು ನಮ್ಮನ್ನು ತಡೆದರು. “ಶುಭಕಾರ್ಯಕ್ಕೆ ಕೂತು ಕೋರ್ಟು ಕಚೇರಿ ಮಾತು ಯಾಕಮ್ಮ? ಬಿಡ್ತು ಅನ್ನಿ.” ನಾವು ಬಿಡ್ತು ಎಂದೆವು, ಆದರೆ ಮಾತು ಬಿಡಲಿಲ್ಲ. “ನಿಶ್ಚಯದ ದಿನ ಹಿರಿಯರೆದುರು ಲಗ್ನಪತ್ರಿಕೆ ಬರೆಸಿ ಓದಿಸುವುದಿಲ್ಲವೇ ಅಜ್ಜಿ? ಇದು ಈ ದೇಶದ ಲಗ್ನಪತ್ರಿಕೆ” ಎಂದೆವು. ಅವರು ತುಸು ಹೊತ್ತು ಯೋಚಿಸಿ, “ಹಾಗಾದರೆ ಅದಕ್ಕೆ ಅರಿಶಿನ ಹಚ್ಚಬೇಕಲ್ಲ” ಎಂದರು. ಲಕೋಟೆಗೆ ಹಚ್ಚಿ, ಒಳಗಿನ ಕಾಗದಕ್ಕೆ ಮಾತ್ರ ಬೇಡ ಎಂದು ಬೇಡಿಕೊಂಡೆವು.

ಅದೇ ಅಜ್ಜಿಗೆ ಮೆಚ್ಚುಗೆಯಾದ ಇನ್ನೊಂದು ಸಂಗತಿಯಿದೆ. ಇಂಗ್ಲೆಂಡಿನ ವಿವಾಹ ದಾಖಲೆಯಲ್ಲಿ 1837ರಿಂದಲೂ ವಧೂವರರ ತಂದೆಯ ಹೆಸರಿಗಷ್ಟೇ ಜಾಗವಿತ್ತು. 2021ರ ಮೇ 4ರಿಂದ ತಾಯಿಯ ಹೆಸರೂ ಸೇರುತ್ತಿದೆ. ನಮ್ಮ ಧಾರೆಯಲ್ಲಿ ತಂದೆ ಮಗಳ ಕೈ ಹಿಡಿದರೆ ನೀರು ಬಿಡುವವಳು ತಾಯಿ. “ಇವರಿಗೆ ಈಗ ತಿಳಿಯಿತೇ?” ಎಂದರು ಅಜ್ಜಿ.

ಈ ಪ್ರಶ್ನೆಯಿಂದ ನಾವು ಒಂದೆರಡು ಮದುವೆಗಳನ್ನು ಕಳೆದುಕೊಂಡದ್ದೂ ಉಂಟು. “ನಮ್ಮ ಮೇಲೆ ಅನುಮಾನವೇ?” ಎಂದು ಎದ್ದುಹೋದವರಿದ್ದಾರೆ. ಆದಾಯಕ್ಕೆ ಪೆಟ್ಟಾದದ್ದು ನಿಜ. ಬೇಸಿಗೆಯ ಕೆಲವೇ ಶನಿವಾರಗಳ ಗಳಿಕೆಯಲ್ಲಿ ವರ್ಷ ನೂಕುವ ಮನೆ ನಮ್ಮದು. ಆದರೂ ಆ ಸಂಜೆಯ ಫೋನನ್ನು ಇನ್ನೊಮ್ಮೆ ಎತ್ತುವ ಶಕ್ತಿ ನಮಗಿಲ್ಲ. ಅನುಮಾನವಿದ್ದು ಕೇಳುತ್ತಿಲ್ಲ, ಇಲ್ಲಿ ಕೇಳಬೇಕಾದ ಸೋದರಮಾವ ಊರಿನಲ್ಲಿದ್ದಾನೆ, ಅದಕ್ಕೆ ನಾವು ಕೇಳುತ್ತೇವೆ.

ಜೂನ್ ತಿಂಗಳ ಮದುವೆಯಲ್ಲಿ ಪುರೋಹಿತರು ಮಧ್ಯಾಹ್ನ ಎರಡು ಗಂಟೆಗೆ ಸಭಾಂಗಣದ ತಾರಸಿಯತ್ತ ಬೆರಳು ಮಾಡಿ ಅರುಂಧತಿಯನ್ನು ತೋರಿಸುತ್ತಾರೆ. ರಾತ್ರಿ ಹನ್ನೊಂದರ ಸುಮಾರಿಗೆ, ಪಾತ್ರೆಗಳನ್ನು ವ್ಯಾನಿಗೆ ತುಂಬಿದ ಮೇಲೆ, ಮೋಡವಿಲ್ಲದಿದ್ದರೆ ನಾವು ಹೊಸ ದಂಪತಿಗಳನ್ನು ಅಂಗಳಕ್ಕೆ ಕರೆದು ನಿಜವಾದ ಸಪ್ತರ್ಷಿ ಮಂಡಲವನ್ನೇ ತೋರಿಸುತ್ತೇವೆ. ಊರಿನಲ್ಲಿ ಅದು ವರ್ಷದ ಕೆಲವು ಕಾಲ ದಿಗಂತದ ಕೆಳಗೆ ಇಳಿದುಹೋಗುತ್ತದೆ. ಲಂಡನ್ ಅಷ್ಟು ಉತ್ತರದಲ್ಲಿರುವುದರಿಂದ ವಸಿಷ್ಠ ಅರುಂಧತಿಯರು ಇಲ್ಲಿ ಮುಳುಗುವುದೇ ಇಲ್ಲ. ಮಕ್ಕಳು ಕತ್ತೆತ್ತಿ ಹುಡುಕುತ್ತಾರೆ, ಕಂಡಿತೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಬಂಧುಗಳೇ, ಮುಂದಿನ ಬೇಸಿಗೆಗೆ ನಿಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ, ನೋಟಿಸ್ ಒಂದು ವರ್ಷ ಊರ್ಜಿತವಾಗಿರುತ್ತದೆಂಬುದು ನೆನಪಿರಲಿ. ಛತ್ರಕ್ಕೆ ಮುಂಗಡ ಕೊಟ್ಟ ದಿನವೇ ಆ ಕಚೇರಿಗೆ ಹೋಗುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಈಗಾಗಲೇ ಶಾಸ್ತ್ರೋಕ್ತವಾಗಿ ಇಲ್ಲಿ ಮದುವೆಯಾಗಿ ದಾಖಲೆಯನ್ನು “ಆಮೇಲೆ”ಗೆ ಬಿಟ್ಟವರಿದ್ದರೆ, ಸಂಕೋಚ ಬೇಡ. ಇಬ್ಬರು ಸಾಕ್ಷಿಗಳೊಡನೆ ನೋಂದಣಿ ಕಚೇರಿಯಲ್ಲಿ ಸರಳವಾಗಿ ವಿವಾಹವಾಗಬಹುದು. ಸಾಕ್ಷಿಗೆ ಜನ ಬೇಕಾದರೆ ನಾವಿಬ್ಬರಿದ್ದೇವೆ. ಅದಕ್ಕೆ ನಾವು ಶುಲ್ಕ ಪಡೆಯುವುದಿಲ್ಲ.